ಮೈಬಣ್ಣದ ಹೀಯಾಳಿಕೆ: ಕಾಲೇಜಿನ್ಯಾಗ ಎರಡು ದಿನದ ಕಾರ್ಯಕ್ರಮ ಹೆಂಗ ಮಾಡಬೇಕು? (ವಿಜಯಪುರ)

ಎನ್ನೆಸ್ಸೆಸ್_ವಿಜಯಪುರ
ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲಿಯ ಒಂದು ಪದವಿ ಕಾಲೇಜಿನ ಎನ್ನೆಸ್ಸೆಸ್ ಘಟಕದ ಪರವಾಗಿ ಕೇಳ್ಲಿಕತ್ತೀವಿ. ಹಾಸ್ಟೆಲ್‌ನ್ಯಾಗ ಖಾನಾಪುರ, ಹಳಿಯಾಳ ಕಡಿಯ ಸಿದ್ದಿ (ಆಫ್ರಿಕಾ ಮೂಲದ, ತಲಿಮಾರುಗಳಿಂದ ಇಲ್ಲೇ ಇರೂ ಸಮುದಾಯ) ಹುಡುಗರಿದ್ದಾರ. ಆಫ್ರಿಕಾದ ದೇಶಗಳಿಂದ ಓದ್ಲಿಕ್ಕೆ ಬಂದವರೂ ಒಂದಿಷ್ಟು ಮಂದಿ ಇದ್ದಾರ. ಮೆಸ್‌ನ್ಯಾಗ, ಬಸ್ ಸ್ಟ್ಯಾಂಡಿನ್ಯಾಗ ಬಣ್ಣದ ಮ್ಯಾಲೆ ಮಾತು ಬರೂದು ನಿಂತಿಲ್ಲ. ಅದಕ್ಕ ಮಾರ್ಚ್ 21, 22ಕ್ಕ ಒಂದು ಕಾರ್ಯಕ್ರಮ ಹಾಕ್ಕೊಂಡೀವಿ. 60 ವಿದ್ಯಾರ್ಥಿಗಳು. ಮೊದಲ ದಿನ ಆದಿಲ್‌ಶಾಹಿ ಕಾಲದ ಹಬಶಿ (ಪೂರ್ವ ಆಫ್ರಿಕಾ ಮೂಲದ) ಸರದಾರರ ಗುರುತಿರುವ ಸ್ಮಾರಕಗಳ ನಡಿಗೆ. ಎರಡನೇ ದಿನ ಸಿದ್ದಿ ಹುಡುಗರಿಂದ ಡಮಾಮಿ ಕುಣಿತ, ಆಫ್ರಿಕನ್ ವಿದ್ಯಾರ್ಥಿಗಳಿಂದ ಅವರ ಡ್ರೆಸ್ ಶೋ, ಸಹಭೋಜನ, ಒಂದು ಭಾಷಣ. ಎಲ್ಲಿ ತಪ್ಪಬಹುದು, ಮೊದಲೇ ಹೇಳ್ರಿ.

ಕಾಡಂಚಿನ_ಖಾನಾಪುರ
ಕುಣಿತ ತೆಗೀರಿ. ಡ್ರೆಸ್ ಶೋ ತೆಗೀರಿ. ಉಳಿದದ್ದು ಆಮ್ಯಾಲೆ ಮಾತಾಡೂಣು.

ಕಾರಣ ಇಷ್ಟ: 50 ಮಂದಿ ಕುರ್ಚಿ ಮ್ಯಾಲೆ, 10 ಮಂದಿ ಸ್ಟೇಜಿನ ಮ್ಯಾಲೆ ಅಂದ್ರ ಅದು ಸಮಾನರ ಭೇಟಿ ಆಗೂದಿಲ್ಲ, ನೋಡುವವರು ಮತ್ತು ನೋಡಿಸಿಕೊಳ್ಳುವವರು ಆಗ್ತಾರ. ಮರುದಿನ ಮೆಸ್‌ನ್ಯಾಗ "ಏ ಡಾನ್ಸ್ ಮಾಡೋ" ಅಂತ ಹೊಸಾ ಕಾಡಾಟ ಸುರು ಆಗ್ತೈತಿ. ಡಮಾಮಿ ಸಿದ್ದಿ ಮಂದಿಗೆ ಮನಿತನದ, ಹಿರಿಯರ ಪೂಜೆಯ ಸಂದರ್ಭದ ಕುಣಿತ. ಹುಡುಗರು ತಾವಾಗೇ ಮಾಡ್ತೀವಿ ಅಂದ್ರ ಮಾಡ್ಲಿ, ಆದ್ರ ಪಟ್ಟಿಯೊಳಗ ನೀವು ಬರೀಬ್ಯಾಡ್ರಿ.

ಇನ್ನೊಂದಿಷ್ಟು. ಸಿದ್ದಿ ಹುಡುಗರ ಜೋಡಿ ಇಂಗ್ಲಿಷಿನ್ಯಾಗ ಮಾತು ಸುರು ಮಾಡಬ್ಯಾಡ್ರಿ. ಮನಿಯೊಳಗ ಅವರದೇ ಕೊಂಕಣಿ, ಹೊರಗ ಕನ್ನಡ. ಖಾನಾಪುರದಾಗ ಮರಾಠಿನೂ ಬರ್ತೈತಿ. ಅವರನ್ನ ಮತ್ತ ವಿದೇಶಿ ವಿದ್ಯಾರ್ಥಿಗಳನ್ನ ಒಂದೇ ಗುಂಪು ಮಾಡಿ "ನಮ್ಮ ಆಫ್ರಿಕನ್ ಗೆಳೆಯರು" ಅಂತ ಬ್ಯಾನರ್ ಹಾಕೂದು ಎರಡೂ ಕಡೆ ತಪ್ಪು: ಇವರು ಕರ್ನಾಟಕದವರು, ಅವರು ಒಂದೊಂದು ಬ್ಯಾರೆ ಬ್ಯಾರೆ ದೇಶದವರು. ಕೂದಲ ಮುಟ್ಟೂದು, ಕೇಳದ ಸೆಲ್ಫಿ ತೆಗೆಯೂದು, ಎರಡೂ ಬ್ಯಾಡ ಅಂತ ಸ್ವಯಂಸೇವಕರಿಗೆ ಮೊದಲೇ ಹೇಳ್ರಿ. ಆಟೋಟ ಇಟ್ಟು "ಇವರು ಓಡೂದ್ರಾಗ ಹುಟ್ಟಾ ಪಂಟರು" ಅನ್ನೂದೂ ಅದೇ ರೋಗ. ಕ್ರೀಡಾ ಪ್ರಾಧಿಕಾರ 1980ರ ದಶಕದಾಗ ಸಿದ್ದಿ ಮಕ್ಕಳನ್ನ ಆರಿಸಿ ತರಬೇತಿ ಕೊಟ್ಟದ್ದು ಖರೆ, ಒಳ್ಳೆ ಅಥ್ಲೀಟುಗಳು ಬಂದದ್ದೂ ಖರೆ. ಅದರ ಮ್ಯಾಲಿಂದ ಇವತ್ತ ಬಿ.ಕಾಂ. ಓದೋ ಹುಡುಗನ್ನ ರೇಸಿಗೆ ನಿಲ್ಲಸೂದು ಯಾವ ಲೆಕ್ಕ?

ಬಾರಾಕಮಾನ್
ನಡಿಗೆಯ ಯೋಚನೆ ಒಳ್ಳೆಯದು. ಆದರೆ ಊರಲ್ಲಿ ಗೈಡುಗಳು ಹೇಳುವ ಕಥೆಯನ್ನೇ ಓದಿಸಿದರೆ ಸುಳ್ಳು ಹೆಚ್ಚಾಗುತ್ತದೆ. ಖಚಿತವಾಗಿ ಹೇಳಬಹುದಾದದ್ದನ್ನು ಬರೆಯುತ್ತೇನೆ.

ಒಂದನೆಯದು ಜಾಮಿ ಮಸೀದಿ. ಒಂದನೇ ಅಲಿ ಆದಿಲ್‌ಶಾಹನ ಕಾಲದ ಕಟ್ಟಡ. ಆದರೆ ಒಳಗೆ ಮಿಹ್ರಾಬಿನ, ಅಂದರೆ ನಮಾಜಿನ ದಿಕ್ಕು ತೋರುವ ಗೋಡೆಗೂಡಿನ, ಬಂಗಾರದ ಬಣ್ಣದ ಅಲಂಕಾರ 1636ರದು, ಮುಹಮ್ಮದ್ ಆದಿಲ್‌ಶಾಹನ ಅಪ್ಪಣೆಯಂತೆ ಮಲಿಕ್ ಯಾಕುತ್ ಮಾಡಿಸಿದ್ದು. ಯಾಕುತ್ ದಾಬೂಲಿ ಹಬಶಿ. ಅವನ ಗೋರಿಯೂ ಮಸೀದಿಯೂ ಈ ಊರಲ್ಲೇ ಇವೆ. ಮಿಹ್ರಾಬಿಗೆ ಪರದೆ ಹಾಕಿದ್ದರೆ ಕಮಿಟಿಯವರನ್ನು ಮೊದಲೇ ಕೇಳಿ ತೆರೆಸಬೇಕು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ.

ಎರಡನೆಯದು ಇಬ್ರಾಹಿಂ ರೋಜಾ. ಅಲ್ಲಿನ ಶಾಸನದಲ್ಲಿ ರಾಣಿ ತಾಜ್ ಸುಲ್ತಾನಾ ಹೆಸರೂ, ಕೆಲಸ ಮಾಡಿಸಿದ ಮಲಿಕ್ ಸಂದಲ್ ಹೆಸರೂ ಇವೆ. ಖರ್ಚು ಒಂದೂವರೆ ಲಕ್ಷ ಹೊನ್ನಿನ ಮೇಲೆ ಎಂದು ಕೆತ್ತಿದ್ದಾರೆ. ಮಲಿಕ್ ಸಂದಲ್ ಹಬಶಿ ಮೂಲದವನು ಎಂದು ಇತಿಹಾಸಕಾರರು ಹೇಳುತ್ತಾರೆ. ತಾಜ್ ಬಾವಡಿಗೂ ಅವನ ಹೆಸರು ಅಂಟಿಕೊಂಡಿದೆ.

ಮೂರನೆಯದಕ್ಕೆ ಕಟ್ಟಡ ಬೇಡ, ಚಿತ್ರದ ದೊಡ್ಡ ಪ್ರಿಂಟ್ ಸಾಕು. ಸುಮಾರು 1645ರ ವಿಜಯಪುರ ಚಿತ್ರವೊಂದರಲ್ಲಿ ಮುಹಮ್ಮದ್ ಆದಿಲ್‌ಶಾಹ ಆನೆ ಮೇಲಿದ್ದಾನೆ, ಅವನ ಹಿಂದೆ ಕೂತವನು ಇಖ್ಲಾಸ್ ಖಾನ್. ಮೂಲ ಹೆಸರು ಮಲಿಕ್ ರೈಹಾನ್, ಹಬಶಿ, ರಾಜ್ಯದ ಪ್ರಧಾನಿ. ಗೋಳಗುಮ್ಮಟ ಕಟ್ಟಿಸಿದ ಸುಲ್ತಾನನ ಆಡಳಿತ ಬಹುಮಟ್ಟಿಗೆ ನಡೆದದ್ದು ಈತನ ಕೈಯಲ್ಲಿ. ಗುಮ್ಮಟದ ಮುಂದೆ ಈ ಪ್ರಿಂಟ್ ಹಿಡಿದು ನಿಂತರೆ ಎರಡು ನಿಮಿಷದಲ್ಲಿ ವಿಷಯ ಮುಟ್ಟುತ್ತದೆ. ಎ3 ಅಳತೆ ಸಾಲದು, ಎ2 ಮಾಡಿಸಿ. ಲ್ಯಾಮಿನೇಷನ್ ಹೊಳಪಿನದ್ದಾದರೆ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ, ಮ್ಯಾಟ್ ಇರಲಿ.

ಇನ್ನು ತಪ್ಪುಗಳು.

"ದಕ್ಖನದಲ್ಲಿ ಬಣ್ಣದ ಭೇದವೇ ಇರಲಿಲ್ಲ" ಎಂದು ಭಾಷಣ ಮಾಡಿಸಬೇಡಿ. ಹಬಶಿಗಳಲ್ಲಿ ಬಹಳಷ್ಟು ಮಂದಿ ಇಲ್ಲಿಗೆ ಬಂದದ್ದು ಮಾರಾಟದ ಸರಕಾಗಿ. ಕೆಲವರನ್ನು ಬೀಜ ಒಡೆದು ಜನಾನಾದ ಕಾವಲಿಗೆ ಇಟ್ಟರು. ಯುದ್ಧ ಬಲ್ಲವರಿಗೆ ಮೇಲೇರುವ ದಾರಿ ಇತ್ತು, ಅದು ಅಮೆರಿಕದ ತೋಟಗಳ ಗುಲಾಮಗಿರಿಯಿಂದ ದೊಡ್ಡ ವ್ಯತ್ಯಾಸ. ಆದರೂ ಹೀಯಾಳಿಕೆ ಇತ್ತು: ಮೊಘಲ್ ಬಾದಶಹ ಜಹಾಂಗೀರ್, ತನ್ನನ್ನು ಎದುರಿಸಿದ ಹಬಶಿ ಸರದಾರ ಮಲಿಕ್ ಅಂಬರನನ್ನು ಕರಿಮೊಗದವನೆಂದು ಬೈದು ಬರೆಸಿದ್ದಾನೆ. ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವಂತೆ ಚಿತ್ರವನ್ನೂ ಬರೆಸಿಕೊಂಡಿದ್ದಾನೆ. ನಿಜದಲ್ಲಿ ಅಂಬರನನ್ನು ಅವನು ಒಮ್ಮೆಯೂ ಹಿಡಿಯಲಾಗಲಿಲ್ಲ. ಅಂಬರ ಸತ್ತದ್ದು 1626ರಲ್ಲಿ, ಮುದುಕನಾಗಿ, ಮೊಘಲರ ಕೈಗೆ ಸಿಗದೆ.

ಎರಡನೇ ತಪ್ಪು, ಮಲಿಕ್ ಅಂಬರನನ್ನು ವಿಜಯಪುರದ ವೀರನನ್ನಾಗಿ ಮಾಡುವುದು. ಅವನು ಅಹ್ಮದ್‌ನಗರದವನು. ಕೆಲಕಾಲ ಇಲ್ಲಿ ಚಾಕರಿ ಮಾಡಿದ್ದು ಹೌದು. ಆದರೆ 1624ರಲ್ಲಿ ಭಾತವಾಡಿಯಲ್ಲಿ ಮೊಘಲರನ್ನೂ ವಿಜಯಪುರವನ್ನೂ ಒಟ್ಟಿಗೆ ಸೋಲಿಸಿ, ಬಂದು ಇಬ್ರಾಹಿಂ ಆದಿಲ್‌ಶಾಹನ ಕನಸಿನ ಪಟ್ಟಣ ನವರಸಪುರವನ್ನು ಸೂರೆ ಮಾಡಿದವನೂ ಅವನೇ. ಈ ಒಂದು ಸಂಗತಿ ವಿದ್ಯಾರ್ಥಿಗಳಿಗೆ ಬಹಳ ಉಪಯೋಗ. ಅಂದಿನ ದರ್ಬಾರಿನ ಒಡಕು ಬಣ್ಣದ್ದಾಗಿರಲಿಲ್ಲ. ಒಂದು ಕಡೆ ಅಫಾಕಿಗಳು, ಅಂದರೆ ಇರಾನ್ ಮುಂತಾದ ಕಡೆಯಿಂದ ಹೊಸದಾಗಿ ಬಂದವರು. ಇನ್ನೊಂದು ಕಡೆ ದಖನಿಗಳು. ಹಬಶಿಗಳು ಸಾಮಾನ್ಯವಾಗಿ ದಖನಿ ಬಣದಲ್ಲಿದ್ದರು. ಸಮುದ್ರ ದಾಟಿ ಬಂದ ಕರಿಯರನ್ನು ಊರಿನವರು ತಮ್ಮವರೆಂದರು, ಬಿಳಿ ಮೈಯವರನ್ನು ಹೊರಗಿನವರೆಂದರು. 1580ರ ದಶಕದಲ್ಲಿ ಬಾಲಕ ಸುಲ್ತಾನನ ಹೆಸರಲ್ಲಿ ರಾಜ್ಯ ನಡೆಸಿದ ದಿಲಾವರ್ ಖಾನ್ ಹಬಶಿಯೇ.

ಮೂರನೇ ತಪ್ಪು ಎಲ್ಲಕ್ಕಿಂತ ಸಾಮಾನ್ಯ: ಹಾಸ್ಟೆಲ್ಲಿನ ಸಿದ್ದಿ ಹುಡುಗನ ಹೆಗಲ ಮೇಲೆ ಕೈ ಹಾಕಿ "ಇವರು ಇಖ್ಲಾಸ್ ಖಾನನ ವಂಶದವರು" ಅನ್ನುವುದು. ಪಶ್ಚಿಮ ಘಟ್ಟದ ಸಿದ್ದಿಗಳಲ್ಲಿ ಹೆಚ್ಚಿನವರ ಹಿರಿಯರು ಬಂದದ್ದು ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅಥವಾ ಬಿಡುಗಡೆಯಾಗಿ. ಮರ್ಯಾದೆ ಕೊಡಲು ಯಾರಿಗೂ ಸರದಾರ ಪೂರ್ವಜರು ಬೇಕಿಲ್ಲ.

ಘಟಪ್ರಭಾ_ದಂಡೆ
ಬಾಗಲಕೋಟ ಕಡಿಯಿಂದ ಒಂದು ತಕರಾರು. ಇದೆಲ್ಲಾ ಚಂದ ಐತಿ. ಆದ್ರ ನಮ್ಮ ಊರುಗಳೊಳಗ ಕಟಿಂಗ್ ಅಂಗಡಿಯೊಳಗ ದಲಿತರಿಗೆ ಕೂದಲ ಕತ್ತರಿಸೂದಿಲ್ಲ ಅನ್ನೂ ಜಗಳ ಇನ್ನೂ ಮುಗಿದಿಲ್ಲ. ಅದನ್ನ ಬಿಟ್ಟು "ಜನಾಂಗೀಯ ದ್ವೇಷ" ಅಂತ ಅಮೆರಿಕಾದ ಬೋರ್ಡ್ ಹಾಕೂದು ಆರಾಮಿನ ಕೆಲಸ. ಯಾರಿಗೂ ನೋವಾಗೂದಿಲ್ಲ, ಫೋಟೊ ಬರ್ತಾವ.

ಸೀಮೆಸುಣ್ಣ
ತಕರಾರು ಸರಿಯೇ. ಆದರೆ ಎರಡೂ ಬೇರೆ ಗಂಟುಗಳಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಎಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆ ಮಾಡಿದ 1965ರ ಒಪ್ಪಂದದಲ್ಲಿ ಜನಾಂಗ, ಬಣ್ಣದ ಜೊತೆ "ವಂಶ" ಕೂಡ ಇದೆ. ಭಾರತ ಅದಕ್ಕೆ 1968ರಲ್ಲಿ ಒಪ್ಪಿಗೆ ಕೊಟ್ಟಿದೆ. ಜನಾಂಗಭೇದದ ವಿರುದ್ಧ ನಡೆದ 2001ರ ಡರ್ಬನ್ ಸಮ್ಮೇಳನದಲ್ಲಿ ದಲಿತ ಸಂಘಟನೆಗಳು ಜಾತಿಯನ್ನೂ ಸೇರಿಸಿ ಎಂದವು, ನಮ್ಮ ಸರ್ಕಾರ ಜಾತಿ ಜನಾಂಗವಲ್ಲ ಎಂದು ವಿರೋಧಿಸಿತು. ಮರುವರ್ಷ ಒಪ್ಪಂದದ ಸಮಿತಿ ವಂಶ ಎಂದರೆ ಜಾತಿಯೂ ಸೇರುತ್ತದೆ ಎಂದಿತು. ಭಾರತ ಇಂದಿಗೂ ಒಪ್ಪಿಲ್ಲ.

ಘಟಪ್ರಭಾ_ದಂಡೆ
ವಿಶ್ವಸಂಸ್ಥೆಯವರು ಜಿನೀವಾದಾಗ ಏನ ಬರದಾರ ಅನ್ನೂದಕ್ಕಿಂತ ಎರಡನೇ ದಿನದ ಊಟದಾಗ ಯಾರು ಅಡಗಿ ಮಾಡ್ತಾರ ಅನ್ನೂದು ನನಗ ಮುಖ್ಯ. ಅದನ್ನ ಹೇಳ್ರಿ.

ಅಡುಗೆಮನಿ_ಮುಧೋಳ
ಹೇಳ್ತೀನಿ. ಸಹಭೋಜನ ಕೆಡೂದು ಎರಡು ಜಾಗಾದಾಗ: ಅಡಗಿ ಯಾರ ಕೈಯಿಂದ, ಪಂಗತಿಯೊಳಗ ಯಾರ ಬಾಜೂಕ. ಹೊರಗಿಂದ ಕ್ಯಾಟರಿಂಗ್ ತರಿಸಿದ್ರ ಮೊದಲನೇ ಪ್ರಶ್ನೆ ಬರೂದ ಇಲ್ಲ, ಅದಕ್ಕ ಎಲ್ಲಾರೂ ಕ್ಯಾಟರಿಂಗ್ ತರಿಸ್ತಾರ. ನೀವು ಹುಡುಗರ ಕೈಲೇ ಮಾಡಸ್ರಿ.

60 ಹುಡುಗರು, 10 ಮಂದಿ ಅತಿಥಿ–ಸಿಬ್ಬಂದಿ, ಒಟ್ಟು 70 ಎಲಿ. ತಲಾ ಎರಡೂವರೆ ರೊಟ್ಟಿ ಅಂದ್ರ 175. ಕಿಲೋ ಜ್ವಾಳದ ಹಿಟ್ಟಿಗೆ 12–13 ರೊಟ್ಟಿ, ಹಂಗಾಗಿ 14 ಕಿಲೋ ಹಿಟ್ಟು. ಎಣಗಾಯಿಗೆ ಸಣ್ಣ ಬದನಿಕಾಯಿ 8 ಕಿಲೋ, ಶೇಂಗಾ ಒಂದೂವರೆ ಕಿಲೋ, ಎಳ್ಳು 300 ಗ್ರಾಂ. ಅಕ್ಕಿ 5 ಕಿಲೋ, ತೊಗರಿ ಬ್ಯಾಳಿ ಎರಡೂವರೆ ಕಿಲೋ, ಮಜ್ಜಿಗಿಗೆ ಮೊಸರು 5 ಕಿಲೋ. ರೊಟ್ಟಿ ಬಡಿಯೂದು ಹೊಸಬರ ಕೈಲೆ ಆಗೂದಿಲ್ಲ. 120 ರೊಟ್ಟಿ ಖಡಕ್ ಆಗಿ ಹಿಂದಿನ ದಿನ ಮಾಡಿಸಿಟ್ಟು, 55 ಮಾತ್ರ ಅಲ್ಲೇ ಬಡೀಲಿ. ಹರಿದ ರೊಟ್ಟಿ ಎಲ್ಲಾರದೂ ಹರೀತದ, ನಗಲಿಕ್ಕೆ ಅಷ್ಟ ಸಾಕು.

ಐದು ತಂಡ ಮಾಡ್ರಿ, ಚೀಟಿ ಎತ್ತಿ. ತಂಡದ ಹೆಸರು ಊರಿನ ಮ್ಯಾಲೆ, ಹಾಸ್ಟೆಲಿನ ಮ್ಯಾಲೆ ಬ್ಯಾಡ, ಬರೇ ನಂಬರ್. ಹೆಚ್ಚೂದು, ಕುದಿಸೂದು, ಬಡಿಸೂದು, ಭಾಂಡಿ ತಿಕ್ಕೂದು ಮೂರು ತಾಸಿನ್ಯಾಗ ಸರದಿ ಬದಲಾಗಬೇಕು. ಸರದಿ ಇಡಲಿಲ್ಲಂದ್ರ ಏನಾಗ್ತದ ಅಂತ ಎಲ್ಲಾರಿಗೂ ಗೊತ್ತದ: ಹುಡುಗ್ಯಾರು ಹೆಚ್ಚತಾರ, ದಲಿತ ಮತ್ತ ಸಿದ್ದಿ ಹುಡುಗರು ಭಾಂಡಿ ಕಡೆ ಹೋಗ್ತಾರ, ಉಳಿದವರು ಬಡಸ್ತಾರ. ಯಾರೂ ಹೇಳಿ ಮಾಡಸೂದಿಲ್ಲ, ತಾನ ಆಗ್ತದ.

ಕುಂಡ್ರೂದಕ್ಕ ಟೋಕನ್. 1ರಿಂದ 70, ಚೀಟಿ ಎತ್ತಿದ ನಂಬರಿನ ಜಾಗಾ. ಟೋಕನ್ ಹಿಂದಿನ ದಿನ ಕೊಡಬ್ಯಾಡ್ರಿ, ಬದಲಿ ಮಾಡ್ಕೋತಾರ. ಪಂಗತಿ ಕುಂತಾಗ್ಲೇ ಕೊಡ್ರಿ.

"ಇವತ್ತ ಉಪವಾಸ ಅದ" ಅನ್ನೂದು ಹಳೇ ದಾರಿ. ಸೋಮವಾರ, ಗುರುವಾರ, ಏಕಾದಶಿ ತಪ್ಪಸ್ರಿ. ರಂಜಾನ್ ವರ್ಷಾ ಸುಮಾರು 11 ದಿನ ಹಿಂದ ಸರೀತದ, ಕೆಲವು ವರ್ಷ ಮಾರ್ಚಿಗೇ ಬೀಳ್ತದ. ಯುಗಾದಿನೂ ಅದೇ ಆಸುಪಾಸು. ಕ್ಯಾಲೆಂಡರ್ ನೋಡಿ ತಾರೀಖ ಇಡ್ರಿ. ಮಾಂಸದ ಅಡಗಿ ಬ್ಯಾಡ ಅಂತಲ್ಲ, ಎರಡು ಸಾಲು ಆಗ್ತಾವ ಅನ್ನೂದಕ್ಕ ಬ್ಯಾಡ. ಆದ್ರ ಮೈಕಿನ್ಯಾಗ "ಶುದ್ಧ ಸಸ್ಯಾಹಾರಿ" ಅನ್ನಬ್ಯಾಡ್ರಿ. ಆ "ಶುದ್ಧ"ದಾಗ ಎಲ್ಲಾ ಬಂತು.

ಘಟಪ್ರಭಾ_ದಂಡೆ
ಭಾಂಡಿ ಸರದಿ ಮಾತು ಒಪ್ಪಿದೆ.

ಸೀಮೆಸುಣ್ಣ
ಭಾಷಣದ ಬದಲು ಇಡಲು ಒಂದು ಪಾಠಕ್ರಮ ಇದೆ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ 1971ರಲ್ಲಿ, ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ತರಗತಿಗಳು ಹೊಡೆದಾಟದ ಕಣವಾದವು. ಎಲಿಯಟ್ ಆರನ್ಸನ್ ಎಂಬ ಮನಃಶಾಸ್ತ್ರಜ್ಞ ಮತ್ತು ಅವರ ವಿದ್ಯಾರ್ಥಿಗಳು ಗಮನಿಸಿದ್ದು ಇದು: ಒಟ್ಟಿಗೆ ಕೂರಿಸಿದರೂ ತರಗತಿ ಪೈಪೋಟಿಯ ಮೇಲೆ ನಡೆಯುತ್ತದೆ, ಒಬ್ಬ ಕೈ ಎತ್ತಿದರೆ ಇನ್ನೊಬ್ಬ ಸೋಲಬೇಕು. ಅವರು ಪಾಠವನ್ನೇ ತುಂಡು ಮಾಡಿ ಹಂಚಿದರು. ಪ್ರತಿಯೊಬ್ಬರ ಬಳಿ ಬೇರೆಯವರಿಗೆ ಇಲ್ಲದ ಒಂದು ತುಂಡು ಇರುತ್ತದೆ. ಹಾಗಾಗಿ ಪಕ್ಕದವನ ಮಾತು ಕೇಳದೆ ಯಾರಿಗೂ ಪರೀಕ್ಷೆ ಬರೆಯಲಾಗದು.

ನಿಮ್ಮ 60 ಜನಕ್ಕೆ: ಆರು ಆರು ಜನರ 10 ಗುಂಪು. ಆರು ಹಾಳೆ, ಒಂದೊಂದು ಒಂದೇ ಪುಟ, 250–300 ಪದ, ಕನ್ನಡದಲ್ಲಿ. ಹಾಳೆಗಳ ವಿಷಯ ಮೇಲೆ ಬಾರಾಕಮಾನ್ ಕೊಟ್ಟೇ ಬಿಟ್ಟಿದ್ದಾರೆ: ಹಬಶಿಗಳು ಬಂದ ಬಗೆ; ದಿಲಾವರ್ ಖಾನ್ ಮತ್ತು ದಖನಿ–ಅಫಾಕಿ ಬಣಗಳು; ಮಲಿಕ್ ಅಂಬರ್ ಮತ್ತು ನವರಸಪುರ; ಇಖ್ಲಾಸ್ ಖಾನ್; ಯಾಕುತ್ ಮತ್ತು ಮಲಿಕ್ ಸಂದಲ್; ಘಟ್ಟದ ಸಿದ್ದಿಗಳು. ಮೊದಲು 10 ನಿಮಿಷ ಒಬ್ಬರೇ ಓದುವುದು. ಆಮೇಲೆ ಒಂದೇ ಹಾಳೆ ಓದಿದವರು ಒಂದೆಡೆ ಸೇರಿ 15 ನಿಮಿಷ ಚರ್ಚೆ. ಒಂದು ಹಾಳೆಗೆ 10 ಜನ ಆಗುತ್ತಾರೆ, ಅದು ದೊಡ್ಡ ಗುಂಪು, ಐದೈದರಂತೆ ಒಡೆಯಿರಿ. ಮತ್ತೆ ಮೂಲ ಗುಂಪಿಗೆ ಬಂದು ತಲಾ ಐದು ನಿಮಿಷ ಕಲಿಸುವುದು, ಒಟ್ಟು ಅರ್ಧ ಗಂಟೆ. ಕೊನೆಗೆ 12 ಪ್ರಶ್ನೆಗಳ ಚೀಟಿ, ಪ್ರತಿ ಹಾಳೆಯಿಂದ ಎರಡು, ಒಬ್ಬೊಬ್ಬರೇ ಬರೆಯಬೇಕು. ಗುಂಪಿಗೆ ಅಂಕ ಕೊಡಬೇಡಿ. ಕೊಟ್ಟರೆ ಕಡಿಮೆ ತಿಳಿದವನ ಮೇಲೆ ಸಿಟ್ಟು ತಿರುಗುತ್ತದೆ, ಉದ್ದೇಶವೇ ತಲೆಕೆಳಗು.

ಕೆಡುವುದು ಹೀಗೆ. ಸಿದ್ದಿ ಹಾಳೆಯನ್ನು ಸಿದ್ದಿ ಹುಡುಗನಿಗೇ ಕೊಡುತ್ತಾರೆ, ಅವನು ಪಾಠವಾಗಿಬಿಡುತ್ತಾನೆ. ಇಲ್ಲೂ ಚೀಟಿ ಎತ್ತಿ. ಅವನಿಗೇ ಬಿದ್ದರೆ ಬದಲಿಸಿ. ಕನ್ನಡ ಓದಲು ಬಾರದ ವಿದೇಶಿ ವಿದ್ಯಾರ್ಥಿಗೆ ಅದೇ ಹಾಳೆಯ ಇಂಗ್ಲಿಷ್ ಪ್ರತಿ ಇರಲಿ. ಅವನು ಕಲಿಸುವ ಐದು ನಿಮಿಷ ಹತ್ತಾಗಲಿ, ಗುಂಪಿನಲ್ಲಿ ಒಬ್ಬರು ಕನ್ನಡಕ್ಕೆ ತರಲಿ. ಒಬ್ಬ ಗೈರಾದರೆ ಆ ತುಂಡೇ ಇಲ್ಲವಾಗುತ್ತದೆ. ಪ್ರತಿ ಹಾಳೆಗೆ ಒಬ್ಬ ಹೆಚ್ಚುವರಿ ಸ್ವಯಂಸೇವಕ ತಯಾರಿರಲಿ. ಶಿಕ್ಷಕರು ನಡುವೆ ಬಾಯಿ ಹಾಕಿ ಪೂರ್ತಿ ಕಥೆ ಹೇಳಿಬಿಟ್ಟರೆ ಎಲ್ಲ ಮುಗಿಯಿತು.

ಇನ್ನೊಂದು ಮಾತು. ಆಸ್ಟಿನ್‌ನಲ್ಲಿ ಇದನ್ನು ಮಾಡಿದ್ದು ಒಂದು ದಿನವಲ್ಲ, ವಾರಗಟ್ಟಲೆ. ಎರಡು ದಿನದ ಉತ್ಸವಕ್ಕಿಂತ ವಾರಕ್ಕೆ ಒಂದು ಪಿರಿಯಡ್, ಆರು ವಾರ, ವಿಷಯ ಅರ್ಥಶಾಸ್ತ್ರವೋ ಲೆಕ್ಕವೋ ಯಾವುದಾದರೂ ಸರಿ, ಅದೇ ಗುಂಪುಗಳು. ಜನಾಂಗದ ಬಗ್ಗೆ ಒಂದು ಮಾತೂ ಆಡದೆ ಮಾಡಿದರೂ ಕೆಲಸ ಮಾಡುತ್ತದೆ.

ಬೆಣ್ಣೆದೋಸೆ_ಬೇಡ
ಡಿಎನ್ಎ ಮಾಹಿತಿಯ ಪೋಸ್ಟರ್ ಇಡಬಹುದಾ? ಎಲ್ಲರೂ ಆಫ್ರಿಕಾದಿಂದಲೇ ಬಂದವರು ಅಂತ?

ಸೀಮೆಸುಣ್ಣ
ಇಡಬಹುದು, ಎಚ್ಚರದಿಂದ. ಇಬ್ಬರು ಮನುಷ್ಯರ ಡಿಎನ್ಎ ಸುಮಾರು 99.9% ಒಂದೇ. ಉಳಿದ ವ್ಯತ್ಯಾಸದಲ್ಲೂ ಸುಮಾರು 85% ಒಂದೊಂದು ಜನಸಮುದಾಯದ ಒಳಗೇ ಇದೆ ಎಂದು 1972ರಲ್ಲೇ ಲೆಕ್ಕ ಹಾಕಿದ್ದಾರೆ. ಮೈಬಣ್ಣ ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೆಲನಿನ್ ಒಗ್ಗಿದ ಪರಿಣಾಮ. ಇಷ್ಟು ಸಾಕು. ಸಿದ್ದಿಗಳ ವಂಶವಾಹಿಯಲ್ಲಿ ಆಫ್ರಿಕಾದ ಪಾಲು ಎಷ್ಟು ಶೇಕಡ ಎಂಬ ಅಧ್ಯಯನಗಳಿವೆ. ಅದನ್ನು ಪೋಸ್ಟರಿಗೆ ಹಾಕಬೇಡಿ. ಬೇರೆ ಯಾರ ಶೇಕಡವನ್ನೂ ಗೋಡೆಗೆ ಹಚ್ಚುವುದಿಲ್ಲವಲ್ಲ.

ರಕ್ತನಿಧಿ_ಬೆಳಗಾವಿ
ಇಂಥ ಕಾರ್ಯಕ್ರಮಕ್ಕೆ "ಎಲ್ಲರ ರಕ್ತ ಕೆಂಪು" ಅಂತ ರಕ್ತದಾನ ಶಿಬಿರ ಸೇರಿಸೂದು ರೂಢಿ. ಸೇರಿಸೂದಾದ್ರ ಒಂದು ಕುಣಿ ಐತಿ, ನೋಡ್ಕೊಂಡು ಹೆಜ್ಜಿ ಇಡ್ರಿ.

ನಿಯಮ: ವಯಸ್ಸು 18–65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ. ಒಂದು ಸಲಕ್ಕೆ 350 ಮಿ.ಲೀ.; 450 ಮಿ.ಲೀ. ತೆಗೀಬೇಕಂದ್ರ ತೂಕ 55 ಕಿಲೋ ಮ್ಯಾಲೆ ಇರಬೇಕು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ. ಮಲೇರಿಯಾ ಬಂದು ಹೋದವರನ್ನ ಮೂರು ತಿಂಗಳು ಮುಂದೂಡ್ತಾರ. ಮಲೇರಿಯಾ ಇರೂ ದೇಶದಿಂದ ಇತ್ತೀಚಿಗೆ ಬಂದವರ ವಿಷಯದಾಗ ತೀರ್ಮಾನ ಡಾಕ್ಟರ್‌ದು.

ಈಗ ಕಣ್ಮುಂದ ತಂದ್ಕೊಳ್ರಿ: ಸಾಲಿನ್ಯಾಗ 40 ಮಂದಿ, ಎಲ್ಲಾರ ಮುಂದ ಆಫ್ರಿಕಾದ ಹುಡುಗನಿಗೆ "ನಿಂದು ತಗೊಳ್ಳೂದಿಲ್ಲ" ಅಂದ್ರು. ಕಾರಣ ವೈದ್ಯಕೀಯ, ಆದ್ರ ನೋಡಿದವರ ತಲಿಯೊಳಗ ಉಳಿಯೂದು ಬ್ಯಾರೆ. ಅದಕ್ಕ ಒಂದು ವಾರ ಮೊದಲೇ ರಕ್ತ ಕೇಂದ್ರದ ಡಾಕ್ಟರ್ ಕೂಡ ಮಾತಾಡ್ರಿ. ಪ್ರಶ್ನಾವಳಿಯನ್ನ ಎಲ್ಲಾರಿಗೂ ಖಾಸಗಿಯಾಗಿ ತುಂಬಸ್ರಿ. ಮುಂದೂಡಿದವರಿಗೆಲ್ಲಾ, ಹಿಮೋಗ್ಲೋಬಿನ್ ಕಡಿಮಿ ಆದವರಿಗೂ ಸೇರಿ, ನೋಂದಣಿ ಟೇಬಲ್, ಉಪಚಾರದ ಕೆಲಸ ಕೊಡ್ರಿ. ನಮ್ಮ ಹುಡುಗ್ಯಾರೊಳಗ ಹಿಮೋಗ್ಲೋಬಿನ್ 12.5 ಮುಟ್ಟದವರು ಭಾಳ ಮಂದಿ ಸಿಗ್ತಾರ, ಹಿಂಗಾಗಿ ಆ ಟೇಬಲ್ಲಿಗೆ ಎಲ್ಲಾ ತರದವರೂ ಬರ್ತಾರ.

ಅದೇ ದಿನ ಸಿಕಲ್ ಸೆಲ್ (ಹುಟ್ಟಿನಿಂದ ಬರೂ ರಕ್ತಕಣದ ರೋಗ) ತಪಾಸಣಿ ಜೋಡಿಸಬ್ಯಾಡ್ರಿ. ಅದು "ಆಫ್ರಿಕನ್ ರೋಗ" ಅನ್ನೂದೇ ತಪ್ಪು. ಮಲೇರಿಯಾ ಹೆಚ್ಚಿದ್ದ ನೆಲಗಳೊಳಗ ಬೆಳೆದ ಜೀನು, ಮಧ್ಯ ಭಾರತದ ಆದಿವಾಸಿಗಳೊಳಗ ಅದರದೇ ದೊಡ್ಡ ಸಮಸ್ಯೆ ಐತಿ. ತಪಾಸಣಿ ಬೇಕಾದದ್ದು, ಆದ್ರ ಆಪ್ತಸಲಹೆ ಇಟ್ಕೊಂಡು, ಬ್ಯಾರೆ ದಿನ.

ಠಾಣೆ_ಮೆಟ್ಟಿಲು
ಊಟ, ನಡಿಗೆ ಎಲ್ಲ ಇರಲಿ. ಹೀಯಾಳಿಸಿದಾಗ ದೂರು ಎಲ್ಲಿ ಕೊಡಬೇಕು ಅನ್ನುವ ಒಂದು ಹಾಳೆ ಹಾಸ್ಟೆಲ್ ಗೋಡೆ ಮೇಲೆ ಇಲ್ಲದಿದ್ದರೆ ಈ ಎರಡು ದಿನದ ಸ್ನೇಹ ಮೂರನೇ ದಿನಕ್ಕೆ ತೀರುತ್ತದೆ. ಕಾನೂನು ಇಬ್ಬರಿಗೆ ಬೇರೆ ಬೇರೆ.

ಸಿದ್ದಿ ವಿದ್ಯಾರ್ಥಿಗಳು: ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ. ಬೆಳಗಾವಿ, ಧಾರವಾಡ ಜಿಲ್ಲೆಯವರನ್ನು 2020ರ ತಿದ್ದುಪಡಿ ಕಾಯ್ದೆಯಲ್ಲಿ ಸೇರಿಸಿದರು. ಪಟ್ಟಿ ಈ ಮೂರು ಜಿಲ್ಲೆಗೆ ಕಟ್ಟಿದ್ದು. ಖಾನಾಪುರದ ಹುಡುಗ ವಿಜಯಪುರದಲ್ಲಿ ಓದಿದರೆ ಅವನ ಪ್ರಮಾಣಪತ್ರ ಬರುವುದು ಖಾನಾಪುರ ತಹಶೀಲ್ದಾರರಿಂದಲೇ, ನಾಡಕಚೇರಿ ಮೂಲಕ. ಅದರ ನಕಲು ಹಾಸ್ಟೆಲಿನಲ್ಲಿ ಇಟ್ಟುಕೊಂಡಿರಲಿ. 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಆರ್) ಅವಮಾನಕ್ಕೆ, 3(1)(ಎಸ್) ಜಾತಿ ಹೆಸರು ಹಿಡಿದು ಬೈದದ್ದಕ್ಕೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಎರಡಕ್ಕೂ "ಸಾರ್ವಜನಿಕರಿಗೆ ಕಾಣುವ ಜಾಗ" ಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆದದ್ದು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ದೂರಿನಲ್ಲಿ ಜಾಗ (ಮೆಸ್, ವರಾಂಡ), ಸಮಯ, ಯಾರು ಯಾರು ಇದ್ದರು, ಆಡಿದ ಮಾತು ಇದ್ದದ್ದು ಇದ್ದಂತೆ ಬರೆಯಿರಿ. "ಜಾತಿ ನಿಂದನೆ ಮಾಡಿದರು" ಎಂದಷ್ಟೇ ಬರೆದ ದೂರು ಕೋರ್ಟಿನಲ್ಲಿ ಬೀಳುತ್ತದೆ. ಹೊಲಸು ಮಾತು ಬರೆಯಲು ನಾಚಿಕೆಪಟ್ಟು ಬಿಡುವುದೇ ಹೆಚ್ಚು.

ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ (ಕಲಂ 18ಎ). ತನಿಖೆ ಡಿವೈಎಸ್‌ಪಿಗಿಂತ ಕೆಳಗಿನವರು ಮಾಡುವಂತಿಲ್ಲ, 60 ದಿನದಲ್ಲಿ ಮುಗಿಯಬೇಕು. ಎಫ್‌ಐಆರ್ ನಕಲು ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ, ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆ. ಸಹಾಯವಾಣಿ 14566. ವಾಟ್ಸಾಪ್ ಗುಂಪಿನ ಬೈಗುಳಾದರೆ ಸ್ಕ್ರೀನ್‌ಶಾಟ್ ಜೊತೆ ಫೋನನ್ನೂ ಜೋಪಾನ ಮಾಡಿ. ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ.

ವಿದೇಶಿ ವಿದ್ಯಾರ್ಥಿಗಳು: ಇವರಿಗೆ ಈ ಕಾಯ್ದೆ ಇಲ್ಲ. 15ನೇ ವಿಧಿ "ನಾಗರಿಕ" ಎನ್ನುತ್ತದೆ. 14 ಮತ್ತು 21 "ವ್ಯಕ್ತಿ" ಎನ್ನುತ್ತವೆ, ಅವು ಇವರಿಗೂ ಅನ್ವಯ. ಜನಾಂಗೀಯ ಬೈಗುಳಕ್ಕೇ ಪ್ರತ್ಯೇಕ ಅಪರಾಧ ಮಾಡಿ ಎಂದು ಈಶಾನ್ಯದವರ ಮೇಲಿನ ಹಲ್ಲೆಗಳ ನಂತರ ಬೇಜ್‌ಬರುವಾ ಸಮಿತಿ 2014ರಲ್ಲಿ ಶಿಫಾರಸು ಮಾಡಿತ್ತು. ಅದು ಕಾನೂನಾಗಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 196 ಗುಂಪುಗಳ ನಡುವೆ ದ್ವೇಷ ಹಚ್ಚುವುದಕ್ಕೆ. ಬೀದಿಯ ಒಂದು ಬೈಗುಳಕ್ಕೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ.

ಕಾಲೇಜಿನೊಳಗೆ ಮಾತ್ರ ಇಬ್ಬರಿಗೂ ಹೊಂದುವ ಒಂದು ಬಾಗಿಲಿದೆ, ಯಾರೂ ಬಳಸುವುದಿಲ್ಲ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಗಳ 2016ರ ತಿದ್ದುಪಡಿ: ಬಣ್ಣ, ಜನಾಂಗ, ಜಾತಿ, ರಾಷ್ಟ್ರೀಯತೆ, ಭಾಷೆ, ಹುಟ್ಟೂರಿನ ಕಾರಣಕ್ಕೆ ಮಾಡುವ ದೈಹಿಕ, ಮಾನಸಿಕ ಕಿರುಕುಳ, ದೂರ ಇಡುವುದು ಕೂಡ, ರ‍್ಯಾಗಿಂಗ್. ಸೀನಿಯರ್ರೇ ಮಾಡಬೇಕೆಂದಿಲ್ಲ. ದಿನದ 24 ಗಂಟೆ 1800-180-5522. ಇದನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಮೆಸ್ ಬಾಗಿಲಿಗೆ ಹಚ್ಚಿ.

ಬಾಡಿಗೆಮನಿ_ಬೆಳಗಾವಿ
ಮನಿ ಬಾಡಿಗಿ ವಿಷಯ ಸೇರಸ್ರಿ. "ಪೊಲೀಸ್ ಲಫಡಾ ಬ್ಯಾಡ" ಅಂತ ಮಾಲಕರು ಬಾಗಿಲ ಹಾಕ್ತಾರ. ಅರ್ಧ ಮಂದಿಗೆ ಬಣ್ಣ ಕಾರಣ, ಅರ್ಧ ಮಂದಿಗೆ ಖರೇನೂ ಕಾಗದದ ಅಂಜಿಕಿ. ಅಂಜಿಕಿಯನ್ನ ತೆಗೀಬಹುದು.

ವಿದೇಶಿಯರು ಮನಿಗೆ ಬಂದ 24 ತಾಸಿನೊಳಗ ಮಾಲಕರು ವಿದೇಶಿಯರು ಉಳಕೊಂಡ ಮಾಹಿತಿಯ ಫಾರ್ಮ್ (ಹಳೇ ಹೆಸರು ಸಿ ಫಾರ್ಮ್) ಆನ್‌ಲೈನ್ ತುಂಬಬೇಕು. ಹಾಸ್ಟೆಲ್, ಲಾಡ್ಜಿಗೂ ಅದೇ ನಿಯಮ. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇದ್ದವರು ದೇಶಕ್ಕ ಬಂದ 14 ದಿನದೊಳಗ ಇ-ಎಫ್‌ಆರ್‌ಆರ್‌ಒ ಪೋರ್ಟಲಿನ್ಯಾಗ (ವಿದೇಶಿಯರ ನೋಂದಣಿಯ ಸರ್ಕಾರಿ ಜಾಲತಾಣ) ನೋಂದಣಿ ಆಗಬೇಕು. ಅದಕ್ಕ ವಿಳಾಸದ ಪುರಾವಿ ಬೇಕು. ಸಿಕ್ಕೊಳ್ಳೂದು ಇಲ್ಲೇ: ಮಾಲಕರ ಲಾಗಿನ್ ಮೊದಲೇ ಮಾಡಿಸಿರೂದಿಲ್ಲ, ಕರಾರುಪತ್ರದಾಗಿನ ಹೆಸರಿನ ಅಕ್ಷರ ಪಾಸ್‌ಪೋರ್ಟ್ ಕೂಡ ಹೊಂದೂದಿಲ್ಲ, ತಡಾ ಆತು ಅಂತ ದಂಡ ಬೀಳ್ತೈತಿ, ಮಾಲಕ ಇನ್ನೊಮ್ಮೆ ಯಾರಿಗೂ ಕೊಡೂದಿಲ್ಲ. ನಿಮ್ಮ ಘಟಕದ ಇಬ್ಬರು ಹುಡುಗರು ಮಾಲಕರ ಮನಿಗೇ ಹೋಗಿ ಲಾಗಿನ್ ಮಾಡಿ ಕೊಟ್ರ ಹತ್ತು ಭಾಷಣಕ್ಕಿಂತ ಹೆಚ್ಚಿನ ಕೆಲಸ.

ಎನ್ನೆಸ್ಸೆಸ್_ವಿಜಯಪುರ
ಭಾಳ ಉಪಕಾರ. ಬದಲಿ ಮಾಡೀವಿ: ಕುಣಿತ, ಡ್ರೆಸ್ ಶೋ, ಭಾಷಣ ಮೂರೂ ಹೋದವು. ಪರೀಕ್ಷಾ ಇರೂದ್ರಿಂದ ಮಾರ್ಚ್ ಬ್ಯಾಡ, ಜುಲೈಕ್ಕ ಸರಿಸೀವಿ. ಆರು ವಾರದ ಗುಂಪು ಪಾಠ, ನಡುವ ಒಂದು ರವಿವಾರ ನಡಿಗಿ ಮತ್ತ ಅಡಗಿ. ಸಿದ್ದಿ ಹುಡುಗರನ್ನ, ವಿದೇಶಿ ವಿದ್ಯಾರ್ಥಿಗಳನ್ನ ಯೋಜನಾ ಸಮಿತಿಗೇ ತಗೊಂಡೀವಿ. ಮಾರ್ಚ್ 21ಕ್ಕ ಮಾತ್ರ ನೋಟಿಸ್ ಬೋರ್ಡಿನ್ಯಾಗ ನಾಲ್ಕು ಸಾಲು: 1960ರಾಗ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನ್ಯಾಗ ಪಾಸ್ ಕಾನೂನಿನ (ಕರಿಯರು ಓಡಾಡಲಿಕ್ಕೆ ಗುರುತಿನ ಪತ್ರ ಇಟ್ಕೊಳ್ಳಲೇಬೇಕು ಅನ್ನೂ ಕಾನೂನು) ವಿರುದ್ಧ ಸೇರಿದವರ ಮ್ಯಾಲೆ ಪೊಲೀಸರು ಗುಂಡು ಹಾರಿಸಿ 69 ಮಂದಿ ಸತ್ತ ದಿನ ಅನ್ನೂದು.

ನಡಿಗಿದೊಂದು ಉಳೀತು: ಟಿಕೆಟ್ ಕೌಂಟರಿನ್ಯಾಗ ಏನರ ತ್ರಾಸ ಆಗ್ತದೇನು?

ಬಾರಾಕಮಾನ್
ಆಗುತ್ತದೆ. ಗೋಳಗುಮ್ಮಟಕ್ಕೆ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300. ಕೌಂಟರಿನಲ್ಲಿ ಮುಖ ನೋಡಿ ಸಿದ್ದಿ ಹುಡುಗರಿಗೆ ಪಾಸ್‌ಪೋರ್ಟ್ ಕೇಳುವ ಸಂಭವ ಇದೆ. 60 ಜನರೂ ಗುರುತಿನ ಚೀಟಿ ಕುತ್ತಿಗೆಗೆ ಹಾಕಿಕೊಳ್ಳಲಿ, ಸಿದ್ದಿಗಳು ಮಾತ್ರ ಅಲ್ಲ. ಟಿಕೆಟ್ ಒಬ್ಬರೇ ಎಲ್ಲರ ಪರವಾಗಿ ಮೊದಲೇ ತೆಗೆಸಲಿ, ತಲಾ 275ರ ವ್ಯತ್ಯಾಸ ಸಾಮಾನ್ಯ ನಿಧಿಯಿಂದ ಹೋಗಲಿ. ಹಿಂದಿನ ದಿನ ಪುರಾತತ್ವ ಇಲಾಖೆಯ ಸ್ಥಳೀಯ ಕಚೇರಿಗೆ ಕಾಲೇಜಿನ ಪತ್ರ ಕೊಟ್ಟು ಬನ್ನಿ.

ಬೆಳಿಗ್ಗೆ ಬೇಗ ಗೋಳಗುಮ್ಮಟದಿಂದ ಶುರು ಮಾಡಿ, ಜಾಮಿ ಮಸೀದಿ, ಆಮೇಲೆ ಊರ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ. ಸುಮಾರು ನಾಲ್ಕು ಕಿಲೋಮೀಟರ್. ಪಿಸುಮಾತಿನ ಗ್ಯಾಲರಿಗೆ 60 ಜನ ಒಟ್ಟಿಗೆ ಹತ್ತಿದರೆ ಯಾರ ದನಿಯೂ ಯಾರಿಗೂ ಕೇಳಿಸುವುದಿಲ್ಲ. ಹನ್ನೆರಡರ ತಂಡ ಮಾಡಿ, ಉಳಿದವರು ಕೆಳಗೆ ಇಖ್ಲಾಸ್ ಖಾನನ ಪ್ರಿಂಟ್ ನೋಡುತ್ತಿರಲಿ.

ಬಾಡಿಗೆಮನಿ_ಬೆಳಗಾವಿ
ಬೆಳಗಾವಿಯಿಂದ ವಿದೇಶಿ ವಿದ್ಯಾರ್ಥಿಗಳನ್ನ ಅತಿಥಿ ಅಂತ ಕರದು ನಿಮ್ಮ ಹಾಸ್ಟೆಲ್‌ನ್ಯಾಗ ಒಂದ ರಾತ್ರಿ ಇಟ್ಕೊಂಡ್ರೂ ಸಿ ಫಾರ್ಮ್ ತುಂಬಬೇಕು. ವಾರ್ಡನ್ನರ ಲಾಗಿನ್ ಈಗಲೇ ಮಾಡಿಸಿಡ್ರಿ.